ಎರಡು ಬಣ್ಣದ ಹೂವು, ಒಂದೇ ಕತ್ತರಿ

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದವಳು ನಾನು. ಮೊದಲು ಲಿಂಗಸುಗೂರು, ಆಮೇಲೆ ಮಸ್ಕಿ, ಕೊನೆಗೆ ಸಿಂಧನೂರು. ಮೂರೂ ಊರಿನಲ್ಲಿ ನನ್ನ ಬೆನ್ನ ಹಿಂದೆ ‘ಮೆಣಸಿನಕಾಯಿ ಸಿಸ್ಟರು’ ಎನ್ನುತ್ತಿದ್ದರು. ಅನ್ನಲಿ, ನನಗೇನು! ನಾನು ಬೈದದ್ದರಿಂದಲೇ ಎಷ್ಟೋ ಬಾಣಂತಿಯರು ನಂಜಾಗದೆ ಮನೆ ಸೇರಿದ್ದಾರೆ. ಕೈ ತೊಳೆಯದವರನ್ನು, ಕತ್ತರಿ ಕುದಿಸದವರನ್ನು, ಒಬ್ಬರಿಗೆ ಚುಚ್ಚಿದ ಸೂಜಿ ಹಿಡಿದು ಇನ್ನೊಬ್ಬರ ಮಂಚದ ಕಡೆ ಹೊರಟವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಡಾಕ್ಟರನ್ನೂ ಬಿಟ್ಟಿಲ್ಲ. ಈಗ ಅದೇ ಬಾಯಿಂದ ನನ್ನ ಬಗ್ಗೆಯೇ ಹೇಳಿಕೊಳ್ಳಬೇಕಾಗಿದೆ, ಅದಕ್ಕೂ ಸಿಟ್ಟು ಬರುತ್ತಿದೆ.

ನಿವೃತ್ತಿಯಾದ ಮೇಲೆ ಸಿಂಧನೂರಿನ ಮನೆಯ ಮಾಳಿಗೆಯ ಮೇಲೆ ಆರ್ಕಿಡ್ ಬೆಳೆಸುವ ಹುಚ್ಚು ಹತ್ತಿತು. ಹಸಿರು ಬಲೆ ಕಟ್ಟಿಸಿದೆ, ಸುತ್ತ ಗೋಣಿಚೀಲ ಇಳಿಬಿಟ್ಟು ಬೆಳಿಗ್ಗೆ ಸಂಜೆ ನೀರು ಹೊಡೆದೆ, ಮಣ್ಣಿನ ಬದಲು ಇದ್ದಿಲು ತುಂಬಿದ ಕುಂಡ ಸಾಲಾಗಿ ಇಟ್ಟೆ. ಪಕ್ಕದ ಮನೆಯ ರೈಸ್‌ಮಿಲ್ಲಿನ ಹಮಾಲ ಒಂದು ದಿನ ಮೇಲೆ ಬಂದು ನೋಡಿ, “ಭತ್ತದ ಊರಾಗ ಇದೇನ್ ಬೆಳಿ ರೀ ಅಕ್ಕಾರ? ಇದ್ದಿಲಿನ್ಯಾಗ ಬೇರು ಬಿಡೋ ಗಿಡಾನ ನಾ ಕಂಡಿಲ್ಲ” ಎಂದು ನಕ್ಕ. ನಾನೂ ನಕ್ಕೆ. ಮೊದಲ ಎರಡು ಗಿಡ ಚೆನ್ನಾಗಿಯೇ ಬಂದವು. ಹೂವು ಬಿಟ್ಟಾಗ ಓಣಿಯ ಹೆಂಗಸರೆಲ್ಲ ಬಂದು ಫೋಟೋ ತೆಗೆದುಕೊಂಡು ಹೋದರು.

ನಮ್ಮ ಊರಿನಿಂದ ಗಂಗಾವತಿ ಕಡೆ ಹೋಗುವ ರಸ್ತೆಯ ಮೇಲೆ ಒಂದು ನರ್ಸರಿ ಇದೆ. ಮದುವೆ ಮಂಟಪ ಸಿಂಗರಿಸುವವರೆಲ್ಲ ಅಲ್ಲಿಗೇ ಹೋಗುತ್ತಾರೆ. ಅದರ ಮಾಲಕ ನನಗೆ ಒಂದು ಗಿಡ ತೋರಿಸಿದ. ನೇರಳೆ ಹೂವು, ದಳದ ಮೇಲೆ ಯಾರೋ ಸುಣ್ಣದ ಬೆರಳು ಎಳೆದ ಹಾಗೆ ಬಿಳಿ ಗೆರೆ. “ಇದು ಡಬಲ್ ಕಲರ್ ರೀ ಮೇಡಂ. ಲಾಖಕ್ಕೊಂದು. ಕಿಮ್ಮತ್ತು ಜರಾ ಜಾಸ್ತಿ, ಆದ್ರ ಇಂಥಾದ್ದು ಇಡೀ ತಾಲೂಕಿನ್ಯಾಗ ಯಾರ ಹತ್ರಾನೂ ಇಲ್ಲ” ಎಂದ. ಎಲೆಯ ಮೇಲೆ ಹಳದಿ ಮಚ್ಚೆ ಇತ್ತು. ಕೇಳಿದೆ. “ಬಿಸಿಲಿಗೆ ರೀ ಅದು. ಝಿಂಕ್ ಹೊಡೀರಿ, ಹೋಗ್ತೈತಿ.” ನಮ್ಮ ಕಡೆ ಎಲೆ ಹಳದಿಯಾದರೆ ಎಲ್ಲರ ಬಾಯಲ್ಲೂ ಅದೊಂದೇ ಮಾತು. ನಾನೂ ನಂಬಿದೆ.

ನಮ್ಮಪ್ಪ ಎತ್ತು ತರಲು ಸಂತೆಗೆ ಹೋದರೆ ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದ, ಸುಳಿ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸುತ್ತಿದ್ದ, ಗೊರಸಿಗೆ ಬಡಿದು ನೋಡುತ್ತಿದ್ದ. ಆಮೇಲೆಯೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರದ ಮಾತು. ಮನೆಗೆ ತಂದ ಮೇಲೂ ಹೊಸ ಎತ್ತನ್ನು ವಾರಗಟ್ಟಲೆ ಬೇರೆ ಗೂಟಕ್ಕೆ ಕಟ್ಟುತ್ತಿದ್ದ. ಅವನ ಮಗಳು ನಾನು ಹೂವಿನ ಬಣ್ಣ ನೋಡಿದೆ, ಪರ್ಸು ತೆಗೆದೆ, ತಂದ ದಿನವೇ ಮಿಕ್ಕ ಗಿಡಗಳ ನಡುವೆ ಇಟ್ಟೆ. ಓದಿದವರ ಶಾಣ್ಯಾತನ ಅಂದರೆ ಇದು.

ಇನ್ನು ಆಯಾನ ವಿಷಯ ಹೇಳಬೇಕು. ಲಿಂಗಸುಗೂರಿನ ಹೆರಿಗೆ ವಾರ್ಡಿನಲ್ಲಿ ನನ್ನ ಜೊತೆ ಆಯಾ ಆಗಿದ್ದವಳು ಅವಳು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಕೊನೆಯವರೆಗೂ ದಿನಗೂಲಿಯವಳಾಗಿಯೇ ಉಳಿದಳು, ಒಂದು ದಿನ ‘ನಾಳೆಯಿಂದ ಬರಬೇಡ’ ಅಂದರು, ಮನೆಗೆ ಬಂದಳು. ಆ ವಾರ್ಡಿನ ಕಿಟಕಿಯ ಹೊರಗೆ ಒಂದು ದೊಡ್ಡ ಬೇವಿನ ಮರ ಇತ್ತು. ಅದರ ಕವಲಿನಲ್ಲಿ ಒಂದು ಬದನಿಕೆ. ಮರದ ಮೇಲೆ ತಾನಾಗಿ ಹುಟ್ಟುವುದನ್ನೆಲ್ಲ ನಮ್ಮ ಜನ ಬದನಿಕೆ ಎಂದೇ ಕರೆಯುತ್ತಾರೆ, ಇದು ಮಾತ್ರ ನಿಜವಾದ ಕಾಡು ಆರ್ಕಿಡ್. ಬೆರಳುಗಾತ್ರದ ಬೂದು ಬೇರು, ಬೇಸಿಗೆ ಬಂತೆಂದರೆ ಕಂದು ಚೌಕಳಿಯ ಹೂವು, ನಡುವೆ ನೀಲಿ ತುಟಿ. ಮುಂಜಾನೆ ಅದರ ವಾಸನೆ ಡೆಟ್ಟಾಲಿನ ವಾಸನೆಯನ್ನೂ ಮೀರಿ ಒಳಗೆ ಬರುತ್ತಿತ್ತು.

ಹೊಸ ಕಟ್ಟಡಕ್ಕೆಂದು ಆ ಮರ ಕಡಿದ ದಿನ ನಾವೆಲ್ಲ ವರಾಂಡದಲ್ಲಿ ನಿಂತು ನೋಡಿ, ಅಯ್ಯೋ ಪಾಪ ಅಂದು, ಒಳಗೆ ಹೋದೆವು. ಇವಳೊಬ್ಬಳು ಹೋಗಿ ಬಿದ್ದ ಟೊಂಗೆಯಿಂದ ಆ ಗಿಡವನ್ನು ಬೇರು ಸಮೇತ ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದಳು. ಬೇವಿನ ಕೊರಡಿಗೆ ಹಳೇ ಸೀರೆಯ ಚೂರಿನಿಂದ ಬಿಗಿದು ಅಂಗಳದ ಚಪ್ಪರಕ್ಕೆ ತೂಗುಹಾಕಿದಳು. ಪ್ರತಿ ವರ್ಷ ಹೂವಾಯಿತು. ನಾನು ಲಿಂಗಸುಗೂರಿಗೆ ಹೋದಾಗಲೆಲ್ಲ ಅದರ ಕೆಳಗೇ ಕೂರಿಸಿ ಚಹಾ ಕೊಡುತ್ತಿದ್ದಳು. “ದವಾಖಾನ್ಯಾಗಿಂದ ನನಗ ಸಿಕ್ಕಿದ್ದು ಇದೊಂದ ನೋಡ್ರಿ ಸಿಸ್ಟರ್” ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು.

ಅವಳಿಗೂ ನನಗೂ ನಡುವೆ ಒಂದು ಹಳೇ ಸಂಗತಿ ಇದೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹೆರಿಗೆಯ ಹೊತ್ತಿಗೆ ನಾನು ಕೈ ಚಾಚಿ ಕತ್ತರಿ ಕೇಳಿದೆ. ಅವಳು ಹಿಂದಿನ ಮೇಜಿನ ಮೇಲಿದ್ದ ಕತ್ತರಿಯನ್ನು ಸೆರಗಿಗೆ ಒರೆಸಿ ಕೊಟ್ಟಳು. ಸೆರಗಿಗೆ! ಕೂಸಿನ ಹೊಕ್ಕಳ ಬಳ್ಳಿ ಕೊಯ್ಯುವ ಕತ್ತರಿ! ಹೆರಿಗೆ ಮುಗಿದ ಮೇಲೆ ಅವಳನ್ನು ವರಾಂಡದಲ್ಲಿ ಎಲ್ಲರ ಮುಂದೆ ನಿಲ್ಲಿಸಿ, “ನಾ ಏನು ತಪ್ಪು ಮಾಡೀನಿ ಅಂತ ಬಂದು ಹೋಗೋರಿಗೆಲ್ಲ ಹೇಳ್ಕೋಂತ ನಿಂದರು” ಎಂದೆ. ಬೆಳಗಿನ ಡ್ಯೂಟಿ ಮುಗಿಯುವವರೆಗೆ ನಿಂತಳು. ಬಂದವರಿಗೆಲ್ಲ ಹೇಳಿದಳು. ಅಂದಿನಿಂದ ಅವಳಷ್ಟು ಶುದ್ಧವಾಗಿ ಕೆಲಸ ಮಾಡುವ ಆಯಾ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಹೊಸ ನರ್ಸುಗಳಿಗೆ ಪಾಠ ಹೇಳುವಾಗ ನಾನು ಈ ಕತೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದೆ.

ಹೋದ ವರ್ಷ ಅವಳ ಒಬ್ಬಳೇ ಮಗಳಿಗೆ ಏಳು ತಿಂಗಳು ತುಂಬಿದವು. ಮಗಳನ್ನು ಕೊಟ್ಟದ್ದು ಮಸ್ಕಿಗೆ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ, ಹಸಿರು ಬಳೆ, ಬುತ್ತಿ ಎಲ್ಲ ತಯಾರಾಗಿತ್ತು. ಅದರ ಜೊತೆ ಬದನಿಕೆಯ ಒಂದು ತುಂಡನ್ನೂ ಕೊಡಬೇಕೆಂದು ಅವಳ ಆಸೆ. ಆ ಮಗಳು ಹುಟ್ಟಿದ್ದೂ ಆ ಬೇವಿನ ಕಿಟಕಿಯ ಪಕ್ಕದಲ್ಲೇ. ನನಗೆ ಫೋನು ಮಾಡಿದಳು. “ನನಗ ಕೊಯ್ಯಾಕ ಧೈರ್ಯ ಆಗವಲ್ದು ರೀ. ನೀವ ಬಂದು ಕೊಯ್ದು ಕೊಡ್ರಿ. ನಿಮ್ಮ ಕೈ ಸ್ವಚ್ಛ ಐತಿ.”

ಹೋದೆ. ಹೊರಡುವ ಮುಂಚೆ ಬೆಳಿಗ್ಗೆ ಮಾಳಿಗೆಯ ಮೇಲೆ ಆ ಡಬಲ್ ಕಲರಿನ ಹಳದಿ ಎಲೆಗಳನ್ನು ಕೊಯ್ದು ಹಾಕಿ, ಅದೇ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ್ದೆ. ಲಿಂಗಸುಗೂರಿನ ಅವಳ ಅಂಗಳದಲ್ಲಿ ಚೀಲದಿಂದ ತೆಗೆದೆ. ಅವಳು ಒಲೆಯ ಕಡೆ ತಿರುಗಿ, “ನೀರು ಕುದಿಸ್ಲೇನ್ರಿ ಸಿಸ್ಟರ್, ಕತ್ತರಿಗೆ?” ಎಂದಳು.

ನಾನು ನಕ್ಕೆ. “ಗಿಡಕ್ಕ ಯಾಕಬೇ ಕುದಿಸಿದ ಕತ್ತರಿ? ಇದೇನ್ ಹೆರಿಗೀನಾ?” ಎಂದೆ. ಅವಳೂ ನಕ್ಕಳು. ಕತ್ತರಿಯನ್ನು ಸೆರಗಿಗೆ ಒರೆಸಿಕೊಂಡೆ, ಮೇಲಿನ ಭಾಗಕ್ಕೆ ನಾಲ್ಕು ಬೇರು ಉಳಿಯುವ ಹಾಗೆ ಕಾಂಡವನ್ನು ಕಚಕ್ಕನೆ ಕೊಯ್ದೆ. ಮೇಲಿನ ತುಂಡು ಮಸ್ಕಿಗೆ, ಬುಡ ಲಿಂಗಸುಗೂರಿಗೆ. ಎರಡೂ ಗಾಯಕ್ಕೆ ಅವಳು ಅರಿಶಿಣ ಹಚ್ಚಿದಳು. ಅಂದು ನಾನು ಮಾಡಿದ್ದು ಏನು ಎಂಬುದು ನನಗೆ ಹೊಳೆಯಲೇ ಇಲ್ಲ, ಬಸ್ಸಿನಲ್ಲಿ ಖುಷಿಯಿಂದ ಶೇಂಗಾ ತಿನ್ನುತ್ತ ಬಂದೆ.

ಮಗಳು ತವರಿಗೆ ಬಂದಳು, ಹೆರಿಗೆಯಾಯಿತು, ಹೆಣ್ಣು ಕೂಸು. ಆಯಾ ಫೋನಿನಲ್ಲಿ ಕೂಸಿನ ಅಳು ಕೇಳಿಸಿದಳು. ಆಮೇಲೆ ತಿಂಗಳುಗಟ್ಟಲೆ ಸುದ್ದಿ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಮತ್ತೆ ಫೋನು ಬಂತು, ಧ್ವನಿ ಬೇರೆಯಾಗಿತ್ತು.

“ಸಿಸ್ಟರ್, ಬದನಿಕಿಗೆ ಸಿಡುಬು ಎದ್ದಂಗ ಆಗೇತಿ. ಎಲಿ ಮ್ಯಾಲೆ ಕರೀ ಕುಳಿ ಬಿದ್ದಾವ. ಮಸ್ಕ್ಯಾಗೂ ಹಂಗ ಆಗೇತಂತ.”

“ಝಿಂಕ್ ಹೊಡಿ” ಎಂದೆ. ಹೌದು, ನಾನೇ ಹೇಳಿದೆ. ನನ್ನ ಬಾಯಿಂದಲೂ ಅದೇ ಬಂತು.

“ಅದಲ್ರಿ. ಬೀಗತಿ ಏನಂತಾಳ ಗೊತ್ತೇನ್ರಿ? ಕೂಸು ಹುಟ್ಟಿದ ಮ್ಯಾಲ ಗಿಡ ಕರ್ರಗಾತು, ಈ ಕೂಸಿನ ಕಾಲ್ಗುಣ ಸರಿ ಇಲ್ಲ ಅಂತಾಳ. ಕುಬಸಕ್ಕ ಕೊಟ್ಟ ಗಿಡ ಬಾಗಲಾಗ ಸಾಯಾಕತ್ತೈತಿ ಅಂತ ಓಣಿ ತುಂಬ ಹೇಳ್ಕೋಂತ ಹೊಂಟಾಳ. ಐದು ತಿಂಗಳು ತುಂಬಿ ಹೋದ್ವು, ಕರಕೊಂಡು ಹೋಗಾಕ ಯಾರೂ ಬಂದಿಲ್ಲ. ಮಗಳು ಊಟ ಬಿಟ್ಟಾಳ.” ಅವಳೇ ಮುಂದುವರಿಸಿದಳು. “ನಂದೂ ತಪ್ಪೈತಿ ರೀ. ಪುರುಡಿನ ಮೈಲಿಗಿ ಕಳೆಯೋಕಿಂತ ಮುಂಚೇನ ನಾ ಗಿಡ ಮುಟ್ಟಿದ್ನಿ. ಅದಕ್ಕ ಹಿಂಗಾಗೇತೇನೋ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಐದು ತಿಂಗಳ ಕೂಸಿಗೆ ಕಾಲ್ಗುಣವಂತೆ! ಇನ್ನೂ ನೆಲಕ್ಕೆ ಕಾಲೇ ಊರಿಲ್ಲ ಅದು. ಆ ಬೀಗತಿಯನ್ನು ಹೋಗಿ ನಾಲ್ಕು ಮಾತು ಬೈದು ಬರಬೇಕೆಂದು ಸೀರೆ ಕೂಡ ಉಟ್ಟೆ. ಹೊರಡುವ ಮುಂಚೆ ನೀರು ಹಾಕಲು ಮಾಳಿಗೆ ಹತ್ತಿದವಳು ಅಲ್ಲೇ ನಿಂತುಬಿಟ್ಟೆ. ನನ್ನ ಮೊದಲ ಎರಡು ಗಿಡದ ಎಲೆಗಳ ಮೇಲೂ ಕರಿ ಕುಳಿ ಇದ್ದವು. ನಾನು ಕತ್ತರಿ ಆಡಿಸಿದ ಪ್ರತಿಯೊಂದು ಗಿಡದಲ್ಲೂ ಇದ್ದವು. ಕತ್ತರಿ ಮುಟ್ಟಿಸದ ಒಂದು ಗಿಡ ಮೂಲೆಯಲ್ಲಿ ಹಸಿರಾಗಿ ನಿಂತಿತ್ತು. ಮಸ್ಕಿಗೆ ಹೋಗುವುದನ್ನು ಬಿಟ್ಟೆ.

ನನಗೆ ಪರಿಚಯದ ಒಬ್ಬ ಮೇಡಂ ಕೃಷಿ ಕಾಲೇಜಿನಲ್ಲಿ ಗಿಡಗಳ ರೋಗದ ಪಾಠ ಮಾಡುತ್ತಾರೆ. ಎಲೆಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅವರ ಹತ್ತಿರ ಹೋದೆ. ಲಿಂಗಸುಗೂರಿನಿಂದಲೂ ಒಂದು ಎಲೆ ತರಿಸಿದ್ದೆ. ಅವರು ಪ್ರತಿ ಎಲೆಯ ಚೂರನ್ನು ಒಂದೊಂದು ಚೀಲದ ನೀರಿನಲ್ಲಿ ಅರೆದು, ಒಂದು ಸಣ್ಣ ಪಟ್ಟಿಯನ್ನು ಅದರಲ್ಲಿ ನಿಲ್ಲಿಸಿದರು. ಆ ಪಟ್ಟಿ ನೋಡಿದೊಡನೆ ನನಗೆ ಗುರುತು ಸಿಕ್ಕಿತು. ಬಸಿರು ನಿಂತಿದೆಯೋ ಇಲ್ಲವೋ ನೋಡುವ ಪಟ್ಟಿಯ ಹಾಗೆಯೇ ಇತ್ತು. ಅಂಥ ಪಟ್ಟಿಯನ್ನು ನಾನು ಲೆಕ್ಕವಿಲ್ಲದಷ್ಟು ಹೆಂಗಸರಿಗೆ ಎತ್ತಿ ತೋರಿಸಿದ್ದೇನೆ. ಎರಡು ಗೆರೆ ಮೂಡಿದರೆ ಅವರು ನನ್ನ ಕೈ ಹಿಡಿದು ಅಳುತ್ತಿದ್ದರು.

ಇಲ್ಲಿಯೂ ಎರಡು ಗೆರೆ ಮೂಡಿತು. ಡಬಲ್ ಕಲರಿಗೆ ಎರಡು, ನನ್ನ ಗಿಡಗಳಿಗೆ ಎರಡು, ಲಿಂಗಸುಗೂರಿನ ಎಲೆಗೂ ಎರಡು.

“ವೈರಸ್ ರೀ ಸಿಸ್ಟರ್” ಎಂದರು ಮೇಡಂ. “ಇದಕ್ಕ ಔಷಧ ಇಲ್ಲ. ಸುಡಬೇಕು, ಇಲ್ಲಾಂದ್ರ ಎಲ್ಲಾದ್ರಿಂದ ದೂರ ಇಡಬೇಕು. ಇದು ಗಾಳಿಗೆ ಬರೂದಲ್ಲ. ರಸ ಹತ್ತಿದ ಕತ್ತರಿ, ಕೈ, ಹಳೇ ಕುಂಡ, ಇವುಗಳಿಂದ ಹರಡ್ತೈತಿ.”

“ಮತ್ತ ಆ ಬಿಳಿ ಗೆರಿ? ಅದು ಬ್ಯಾರೆ ಜಾತಿ ಅಂದಿದ್ದ ಅವ.”

ಅವರು ನನ್ನ ಫೋನಿನಲ್ಲಿದ್ದ ಹೂವಿನ ಫೋಟೋ ದೊಡ್ಡದು ಮಾಡಿ ನೋಡಿ ತಲೆಯಾಡಿಸಿದರು. “ಜಾತಿ ಅಲ್ರಿ ಇದು, ರೋಗಾನ. ವೈರಸ್ ಬಂದ್ರ ಹೂವಿನ ಬಣ್ಣ ಹಿಂಗ ಒಡೀತೈತಿ.”

ರೋಗಕ್ಕೇ ಬಣ್ಣ ಎಂದು ಹೆಸರಿಟ್ಟು, ಅದಕ್ಕೆ ಹೆಚ್ಚಿನ ಕಿಮ್ಮತ್ತು ಕಟ್ಟಿ, ಲಾಖಕ್ಕೊಂದು ಎಂದು ನನ್ನ ಕೈಗೆ ಕೊಟ್ಟಿದ್ದ! ಊರಿಗೆ ಬಂದು ಬಸ್ಸಿಳಿದೆ. ಮನೆಗೆ ಹೋಗಲಿಲ್ಲ, ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದು ನೇರ ನರ್ಸರಿಗೆ ಹೋದೆ.

ಮಾಲಕ ಇಬ್ಬರು ಗಿರಾಕಿಗಳಿಗೆ ಗಿಡ ತೋರಿಸುತ್ತಿದ್ದ. ಅವನಿಗೆ ಎಲ್ಲ ಹೇಳಿದೆ, ಪಟ್ಟಿ ತೋರಿಸಿದೆ. ಅವನು ಗಿರಾಕಿಗಳ ಕಡೆ ನೋಡಿ ಕಣ್ಣು ಮಿಟುಕಿಸಿ, “ಗಿಡಕ್ಕೂ ಕೊರೋನಾ ಬಂತೇನ್ರಿ ಮೇಡಂ? ಮಾಸ್ಕ್ ಹಾಕೂಣಾ?” ಎಂದ. ಅವರು ಕಿಸಕ್ಕನೆ ನಕ್ಕರು. “ನಾ ಏನ್ ಬೆಳೀತೀನೇನ್ರಿ? ಲಾರಿ ಬರತೈತಿ, ಇಳಿಸ್ತೀನಿ, ಮಾರ್ತೀನಿ. ಸಿಂಧನೂರು ಬಿಸಿಲಿಗೆ ಮನಷ್ಯಾರ ಉಳಿಯೂದಿಲ್ಲ, ಆರ್ಕಿಡ್ ಉಳೀತಾವೇನು? ನೀವ ನೀರು ಜಾಸ್ತಿ ಹಾಕೀರಿ.”

ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವನ ಹಿಂದೆ ನಡೆಯುತ್ತಿದ್ದದ್ದು ಕಣ್ಣಿಗೆ ಬಿತ್ತು. ಕೂಲಿಯ ಹೆಂಗಸೊಬ್ಬಳು, ಬಳಗಾನೂರಿನಿಂದ ದಿನಾ ಬಸ್ಸಿಗೆ ಬರುವವಳಂತೆ, ಕುಂಡಗಳ ಸಾಲಿನುದ್ದಕ್ಕೂ ಒಂದೇ ಕತ್ತರಿ ಹಿಡಿದು ಒಣ ಎಲೆ, ಬಾಡಿದ ದಂಟು ಕೊಯ್ಯುತ್ತ ಹೋಗುತ್ತಿದ್ದಳು. ಈ ಕುಂಡದಿಂದ ಆ ಕುಂಡಕ್ಕೆ, ಅಲ್ಲಿಂದ ಮುಂದಿನದಕ್ಕೆ. ರಸ ಕತ್ತರಿಯ ಬಾಯಲ್ಲಿ ಹೊಳೆಯುತ್ತಿತ್ತು. ನನ್ನ ಗಂಟಲಿನಿಂದ ಹೆರಿಗೆ ವಾರ್ಡಿನ ಕೂಗು ಹೊರಟಿತು. “ಏಯ್! ಕೆಳಗಿಡು ಕತ್ತರಿ! ತಿಳೀತೈತೋ ಇಲ್ಲೋ ನಿನಗ? ಹೊಲಸು ಕತ್ತರಿಲೆ ಊರಿಗೆಲ್ಲ ರೋಗ ಹಂಚಾಕತ್ತಿಯಲ್ಲ!”

ಅವಳು ಬೆಚ್ಚಿ ಕತ್ತರಿ ಬಿಟ್ಟಳು. “ನನಗ ಯಾರೂ ಹೇಳಿಲ್ರೆವ್ವಾ” ಎಂದಳು.

ನಾನು ಆ ಕತ್ತರಿ ಎತ್ತಿಕೊಂಡು ಪಕ್ಕದ ಚಹಾದ ಡಬ್ಬಿ ಅಂಗಡಿಗೆ ಹೋಗಿ ಕುದಿಯುವ ಪಾತ್ರೆಯಲ್ಲಿ ಮುಳುಗಿಸಿಬಿಟ್ಟೆ. “ನೋಡ್ರಿ, ಹಿಂಗ! ಹಿಂಗ ಕುದಿಸ್ಬೇಕು!” ಚಹಾದವನು ತಲೆಗೆ ಕೈ ಹೊತ್ತು, “ನನ್ನ ಚಾ ಕೆಡಿಸಿದ್ರಲ್ರೀ ಅಕ್ಕಾರ!” ಎಂದು ಬೊಬ್ಬೆ ಹಾಕಿದ. ಜನ ಸೇರಿದರು. ಗಿರಾಕಿಗಳಿಬ್ಬರೂ ಹಿಡಿದ ಗಿಡ ಕೆಳಗಿಟ್ಟು ಮೆಲ್ಲಗೆ ಸರಿದರು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಭಾಳ ಹಿತವಾಗಿತ್ತು.

ಗಿರಾಕಿ ಹೋದದ್ದು ನೋಡಿ ಮಾಲಕನ ಮುಖ ಬದಲಾಯಿತು. ನನ್ನನ್ನು ಬಿಟ್ಟು ಆ ಹೆಂಗಸಿನ ಕಡೆ ತಿರುಗಿದ. “ಎಲ್ಲಾ ನಿನ್ನಿಂದನ ಆಗಿದ್ದು. ನಾಳಿಂದ ಬರಬ್ಯಾಡ. ನಡಿ.”

“ಅಕಿ ಏನ್ ಮಾಡ್ಯಾಳ? ನೀ ಹೇಳಿದ್ದು ಮಾಡ್ಯಾಳ!” ಎಂದೆ.

“ಈಗ ನೀವ ಬೈದ್ರಲ್ರೀ ಅಕಿಗೆ?” ಎಂದ ಅವನು.

ಎಷ್ಟು ಕೂಗಾಡಿದರೂ ಅವನು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಅವಳು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಊಟದ ಡಬ್ಬಿ ತೆಗೆದುಕೊಂಡಳು. ನನ್ನ ಪಕ್ಕ ಹಾದು ಹೋಗುವಾಗ, “ಸಮಾಧಾನ ಆತೇನ್ರೆವ್ವಾ?” ಎಂದು ಕೇಳಿದಳು. ಸಿಟ್ಟಿನಿಂದಲೂ ಕೇಳಲಿಲ್ಲ. ಮರುದಿನ ನರ್ಸರಿಗೆ ಹೋಗಿ ವಿಚಾರಿಸಿದೆ, ಯಾವ ಓಣಿಯವಳೋ ಯಾರಿಗೂ ಗೊತ್ತಿರಲಿಲ್ಲ, ಅಥವಾ ಹೇಳಲಿಲ್ಲ. ಬಳಗಾನೂರಿನ ಬಸ್ಸು ಕಂಡರೆ ಈಗಲೂ ನಾನು ಮುಖ ತಿರುಗಿಸುತ್ತೇನೆ.

ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅನ್ನುತ್ತಾರಲ್ಲ, ಆ ಮಾತು ಮನೆ ಸೇರುವವರೆಗೆ ತಲೆಯಲ್ಲಿ ತಿರುಗಿತು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ? ಮೂವತ್ತು ವರ್ಷ ನಾನೇ ಊರಿಗೆಲ್ಲ ಹೇಳಿಕೊಟ್ಟವಳು. ನೀರು ಕುದಿಸಲೇ ಎಂದು ಒಬ್ಬಳು ಕೇಳಿಯೂ ಕೇಳಿದ್ದಳು. ರೋಗದ ಗಿಡ ಮಾರಿದವನ ಮೇಲಿನ ಸಿಟ್ಟು ಇಂದಿಗೂ ಹಾಗೇ ಇದೆ, ಅದನ್ನು ಬಿಡುವವಳಲ್ಲ ನಾನು. ಆದರೆ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಆ ರೋಗವನ್ನು ಚೀಲದಲ್ಲಿ ಹೊತ್ತು ಟಿಕೆಟ್ ತೆಗೆಸಿದವಳು ನಾನು.

ಮಾರನೆಯ ವಾರ ಲಿಂಗಸುಗೂರಿಗೆ ಹೋದೆ. ಆಯಾ ಎಂದಿನಂತೆ ಬದನಿಕೆಯ ಕೆಳಗೆ ಚಾಪೆ ಹಾಸಿದಳು. ಕೊರಡಿಗೆ ಕರಿದಾರ ಕಟ್ಟಿತ್ತು, ಒಣಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದ ಬೂದಿ ಕೆಳಗೆ ಬಿದ್ದಿತ್ತು. ಮಗಳು ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಹೇಳಿದೆ. ಡಬಲ್ ಕಲರ್, ಕತ್ತರಿ, ಸೆರಗು, ಎರಡು ಗೆರೆ, ಎಲ್ಲ. “ಪುರುಡಿನಿಂದ ಅಲ್ಲ, ಕೂಸಿನಿಂದ ಅಲ್ಲ, ನನ್ನಿಂದ ಆಗಿದ್ದಬೇ” ಎಂದೆ.

ಅವಳು ತಲೆಯೆತ್ತಿ ಗಿಡ ನೋಡಿದಳು. “ಇದನ್ನ ಸುಡಬೇಕೇನ್ರಿ?” ಎಂದಳು.

“ಸುಟ್ರ ಚಲೋ. ಇಲ್ಲಾಂದ್ರ ಒಂದ ಬ್ಯಾರೆ ಇಡಬೇಕು. ಯಾರಿಗೂ ತುಂಡು ಕೊಡಬಾರದು.”

“ಟಿಬಿ ವಾರ್ಡಿನ್ಯಾಗಿನ ಮಂದೀನ ಸುಟ್ಟೀವೇನ್ರಿ ನಾವು? ಬ್ಯಾರೆ ಇಟ್ಟೀವಿ. ಇದೂ ಹಂಗ ಇರಲಿ.” ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನಡ್ರಿ ಮಸ್ಕಿಗೆ. ನನ್ನ ಮುಂದ ಹೇಳಿದ್ರ ಏನಾತು? ಆವತ್ತ ನನ್ನ ವರಾಂಡದಾಗ ನಿಂದರಿಸಿ ಎಲ್ಲಾರ ಮುಂದ ಹೇಳ್ಸಿದ್ರಲ್ರೀ, ಹಂಗ ಬೀಗತಿ ಓಣ್ಯಾಗ ನಿಂತು ಎಲ್ಲಾರ ಮುಂದ ಹೇಳ್ರಿ. ಕೂಸಿನ ಮ್ಯಾಗಿನ ಮಾತು ಹೋಗ್ಬೇಕು.”

ಅವಳು ಆ ದಿನವನ್ನು ಬಾಯಿ ಬಿಟ್ಟು ಆಡಿದ್ದು ಅದೇ ಮೊದಲು. ನನಗೆ ಒಂದು ಕ್ಷಣ ರೋಷ ಉಕ್ಕಿತು. ನನ್ನನ್ನೇ ನಿಲ್ಲಿಸುತ್ತಾಳೆಯೇ ಇವಳು ಎನಿಸಿತು. ಆದರೂ ಅವಳ ಹಿಂದೆಯೇ ಮಸ್ಕಿಯ ಬಸ್ಸು ಹತ್ತಿದೆ.

ಬೀಗತಿಯ ಮನೆ ಬೆಟ್ಟದ ಕಡೆಗೆ ಹೋಗುವ ಓಣಿಯಲ್ಲಿ. ಬಾಗಿಲ ಚೌಕಟ್ಟಿಗೆ ಆ ತುಂಡು ನೇತಾಡುತ್ತಿತ್ತು, ಅರ್ಧ ಕರ್ರಗಾಗಿ. ನಮ್ಮನ್ನು ನೋಡಿ ಬೀಗತಿ ಹೊರಗೆ ಬಂದಳು, ಹಿಂದೆಯೇ ಅಕ್ಕಪಕ್ಕದ ಮನೆಯವರೂ ಬಂದರು. ಬೈಯಬೇಕೆಂದು ಹಿಂದೆ ನಾನು ಮನಸ್ಸಿನಲ್ಲಿ ಕಟ್ಟಿಟ್ಟ ಹೆಂಗಸಿಗಿಂತ ಇವಳು ತುಂಬ ಸಣ್ಣವಳು, ಕಣ್ಣಿಗೆ ಪೊರೆ ಬಂದವಳು. “ಕುಂದರ್ರಿ” ಎಂದು ಕಟ್ಟೆ ತೋರಿಸಿದಳು. ನಾನು ಕೂರಲು ಹೋದೆ.

“ಅವರು ನಿಂತ ಹೇಳ್ತಾರ” ಎಂದಳು ಆಯಾ. ತಾನು ಕಟ್ಟೆಯ ಮೇಲೆ ಕುಳಿತಳು.

ನಿಂತು ಹೇಳಿದೆ. ಸಣ್ಣ ಧ್ವನಿಯಲ್ಲಿ ಹೇಳುವುದು ನನಗೆ ಬರುವುದಿಲ್ಲ, ಓಣಿಗೆಲ್ಲ ಕೇಳುವ ಹಾಗೆಯೇ ಹೇಳಿದೆ. ರೋಗದ ಗಿಡ ಕೊಂಡವಳು ನಾನು, ಹೊಲಸು ಕತ್ತರಿ ಹಾಕಿದವಳು ನಾನು, ಕೂಸು ಹುಟ್ಟುವುದಕ್ಕೆ ಎರಡು ತಿಂಗಳು ಮುಂಚೆಯೇ ಈ ಗಿಡಕ್ಕೆ ರೋಗ ಹತ್ತಿತ್ತು ಎಂದೆ. ಪ್ಲಾಸ್ಟಿಕ್ ಚೀಲದಲ್ಲಿದ್ದ ಪಟ್ಟಿ ತೋರಿಸಿದೆ.

ಬೀಗತಿ ಅದನ್ನು ಕಣ್ಣಿನ ಹತ್ತಿರ ಹಿಡಿದು, “ಎರಡು ಗೆರಿ ಅಂದ್ರ ಬಸರಲ್ಲೇನ್ರಿ?” ಎಂದಳು. ಯಾರೋ ನಕ್ಕರು.

“ಮನಷ್ಯಾರಿಗೆ ಬಸರು. ಇದು ಗಿಡದ್ದು. ಇಲ್ಲಿ ರೋಗ” ಎಂದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಅವಳ ಬಾಯಿ ತೆರೆಯಿತು ನೋಡಿ! “ಅಲ್ಲರೀ, ನೀವು ಕಲತಾಕಿ, ದವಾಖಾನ್ಯಾಗ ನೌಕರಿ ಮಾಡಿದಾಕಿ! ನಿಮಗ ಬುದ್ಧಿ ಬ್ಯಾಡೇನು? ಐದು ತಿಂಗಳ ಮ್ಯಾಲಾತು ನನ್ನ ಮೊಮ್ಮಗಳ ಮಾರಿ ನೋಡಲಾರದ ಕುಂತೀನಿ, ನಿಮ್ಮೊಂದು ಕತ್ತರಿ ಸಲುವಾಗಿ! ಗಿಡಕ್ಕ ರೋಗ ತಂದ್ರಿ, ಕೂಸಿಗೆ ಕೆಟ್ಟ ಹೆಸರು ತಂದ್ರಿ!”

ಕೆಟ್ಟ ಹೆಸರು ತಂದದ್ದು ನನ್ನ ಕತ್ತರಿಯಲ್ಲ, ನಿನ್ನ ನಾಲಿಗೆ ಎಂಬ ಮಾತು ನನ್ನ ಹಲ್ಲಿನವರೆಗೆ ಬಂದಿತ್ತು. ನುಂಗಿದೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಏನನ್ನೂ ನುಂಗಿಲ್ಲ. ಅವಳು ದಣಿಯುವವರೆಗೆ ಬೈದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಆಯಾನ ಕಡೆ ತಿರುಗಿ, “ನಾಡಿದ್ದು ಬುತ್ತಿ ಕಟ್ಟಿಕೊಂಡು ಬರ್ತೀನಬೇ. ಕೂಸಿನ ತಲಿಗೆ ಎಣ್ಣಿ ಹಚ್ಚಿಡು” ಎಂದು ಚಹಾ ಮಾಡಲು ಒಳಗೆ ಹೋದಳು. ಓಣಿಯವರೂ ಒಬ್ಬೊಬ್ಬರಾಗಿ ಚದುರಿದರು.

ಬಿಸಿಲು ನೆತ್ತಿಯ ಮೇಲಿತ್ತು. ಕಾಲು ಸೋತಿತ್ತು. ಆಯಾ ನನ್ನ ಮುಖ ನೋಡದೆ, ಬಾಗಿಲಿನ ಕರಿ ಗಿಡ ನೋಡುತ್ತ ಹೇಳಿದಳು.

“ಆವತ್ತ ನೀವು ನನ್ನ ನಿಂದರಿಸಿದಾಗ ಮಗಳು ನನ್ನ ಹೊಟ್ಟ್ಯಾಗಿದ್ಲು ಸಿಸ್ಟರ್. ನಾಕು ತಿಂಗಳು. ಹೇಳಿದ್ರ ಕೆಲಸದಿಂದ ತಗೀತಾರಂತ ಹೇಳಿರಲಿಲ್ಲ. ಜರಾ ಕುಂದರ್ಲೇನ್ರಿ ಅಂತ ಎರಡು ಸಲ ಕೇಳಿದ್ನಿ.”

ಆ ದಿನದ ಎಲ್ಲವೂ ನನಗೆ ನೆನಪಿದೆ. ಕತ್ತರಿ ನೆನಪಿದೆ, ಸೆರಗಿನ ಅಂಚಿನ ಬಣ್ಣ ನೆನಪಿದೆ, ನಾನು ಆಡಿದ ಒಂದೊಂದು ಮಾತೂ ನೆನಪಿದೆ. ಅವಳು ಕೇಳಿದ್ದು ಮಾತ್ರ ನೆನಪಿಲ್ಲ.

ಅವಳು ಕಟ್ಟೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಕೈಯಿಂದ ಧೂಳು ಕೊಡವಿದಳು. “ಸಾಕು, ಈಗ ಕುಂದರ್ರಿ” ಎಂದಳು.

ಬೀಗತಿ ಚಹಾ ತಂದಳು. ನಿಂತೇ ಕುಡಿದೆ.